ಕತ್ತರಿ ಅಕ್ಕನ ಹೊಗೆಬಣ್ಣದ ಹೂ

ಕತ್ತರಿ ಅಕ್ಕನಿಗೆ ದಾರದ ತುದಿ ಕಂಡರೆ ಆಗದು. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಅವಳದು ಒಂದೇ ಕೆಲಸ. ಹೊಲಿದು ಬಂದ ಅಂಗಿಯನ್ನು ಒಳಮೈ ಹೊರಗೆ ತಿರುವಬೇಕು, ಹೊಲಿಗೆಯಿಂದ ಇಣುಕುವ ದಾರವನ್ನೆಲ್ಲ ಕತ್ತರಿಸಬೇಕು, ಮತ್ತೆ ತಿರುವಿ ಮುಂದಕ್ಕೆ ತಳ್ಳಬೇಕು. ದಿನಕ್ಕೆ ನಾನೂರು ಅಂಗಿ. ಒಂದರಲ್ಲಿ ಒಂದು ದಾರ ಉಳಿದರೂ ಅಂಗಿ ವಾಪಸ್ಸು ಬರುತ್ತದೆ. ಅದರ ಹಿಂದೆ ಸೂಪರ್‌ವೈಸರನ ಬಾಯಿಯೂ ಬರುತ್ತದೆ. ಹಾಗಾಗಿ ಅವಳ ಕೈ ಕಣ್ಣಿಗಿಂತ ಮುಂದೆ ಓಡುತ್ತದೆ. ಬಸ್ಸಿನಲ್ಲಿ ಮುಂದೆ ನಿಂತವನ ಕಾಲರಿನಲ್ಲಿ ದಾರ ಕಂಡರೂ ಚಿವುಟಿಬಿಡುತ್ತಾಳೆ. ಒಮ್ಮೆ ಅಂಥವನೊಬ್ಬ ಹೌಹಾರಿ ತಿರುಗಿ ನೋಡಿದ. "ದಾರ ಇತ್ತು" ಎಂದಳು. ಕ್ಷಮಿಸಿ ಎನ್ನಲಿಲ್ಲ. ದಾರ ಇದ್ದದ್ದು ಅವನ ತಪ್ಪು.

ಅವಳ ಗಂಡ ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುತ್ತಿದ್ದ. ಏಳು ಮಹಡಿ, ನಾಲ್ಕಡಿ ಅಗಲದ ಡಬ್ಬಿ, ಮೂಲೆಯಲ್ಲಿ ಒಂದು ಸ್ಟೂಲು. ಎಲ್ಲರಿಗೂ ಅವನು ಲಿಫ್ಟಣ್ಣ. "ಎಂಥ ದೊಡ್ಡ ಡಾಕ್ಟ್ರೇ ಇರ್ಲಿ, ನಾನು ಎತ್ತಿದ್ರೆ ಏಳಬೇಕು, ಇಳಿಸಿದ್ರೆ ಇಳೀಬೇಕು" ಎಂದು ಜಂಬ ಕೊಚ್ಚುತ್ತಿದ್ದ. ದಿನವಿಡೀ ಡಬ್ಬಿಯೊಳಗೆ ಇದ್ದವನಿಗೆ ಮನೆಗೆ ಬಂದರೆ ಗೆರೆ, ಬೇಲಿ, ಸಾಲು ಯಾವುದೂ ಸೇರದು. ಅಂಗಳದ ತುಂಬ ಅವನ ಹೂ. ಪಾತಿ ಇಲ್ಲ, ಕುಂಡ ಇಲ್ಲ. ಚೆಂಡುಹೂ ಬಿದ್ದಲ್ಲಿ ಎದ್ದಿತು. ಕಾಸ್ಮಸ್ ದಾರಿಗೆ ಅಡ್ಡ ಬಾಗಿತು. ಸೂರ್ಯಕಾಂತಿ ಬಟ್ಟೆ ಒಣಹಾಕುವ ಹಗ್ಗವನ್ನೇ ಎತ್ತಿ ಹಿಡಿಯಿತು. "ಇದೇನು ತೋಟವೋ ಸಂತೆಯೋ?" ಎಂದು ಹೆಂಡತಿ ಬೈದರೆ, "ಅವೂ ಆರಾಮಾಗಿ ಇರ್ಲಿ ಕಣೆ. ನಿನ್ನ ಕಾರ್ಖಾನೆಗೆ ಬಂದವೇನು ಸಾಲಾಗಿ ನಿಲ್ಲೋಕೆ?" ಎನ್ನುತ್ತಿದ್ದ.

ಎಲ್ಲಕ್ಕಿಂತ ಅವನ ಜೀವ ಇದ್ದದ್ದು ಗಸಗಸೆ ಹೂವಿನಲ್ಲಿ. ಅಡುಗೆಗೆ ಬರುವ ಗಸಗಸೆಯಲ್ಲ, ಅದರ ದಾಯಾದಿ. ಬರೀ ಹೂವಿಗೆ ಬೆಳೆಸುವಂಥದ್ದು. ಕೂದಲು ಕೂದಲಾದ ಸಣ್ಣ ದಂಟು, ತಲೆ ತಗ್ಗಿಸಿದ ಮೊಗ್ಗು, ಅರಳಿದರೆ ಕೆಂಪು. ಹನ್ನೊಂದು ವರ್ಷದ ಹಿಂದೆ ಕೆಂಪಿನ ನಡುವೆ ಒಂದು ಹೂವಿನ ಅಂಚಿನಲ್ಲಿ ಬೂದಿಯಂಥ ಗೆರೆ ಕಂಡನಂತೆ. ಅದು ಕಾಯಿ ಕಟ್ಟಿದ ಮೇಲೆ ಅದನ್ನು ಬಿಟ್ಟು ಉಳಿದ ಕೆಂಪನ್ನೆಲ್ಲ ಕಿತ್ತ. ಮುಂದಿನ ವರ್ಷ ಬೂದಿ ಅಂಚಿನವು ಹತ್ತು ಬಂದವು. ಅದರಲ್ಲಿ ಮಾಸಲು ಇದ್ದವನ್ನು ಉಳಿಸಿದ, ಬೇರೆಯದನ್ನು ಕಿತ್ತ. ಹೀಗೆ ಕಿತ್ತೂ ಕಿತ್ತೂ ಕೊನೆಗೆ ಒಂದು ಬಣ್ಣ ಹಿಡಿದ. ಹೊಗೆಯ ಬಣ್ಣ. ಕತ್ತರಿ ಅಕ್ಕನ ಲೆಕ್ಕದಲ್ಲಿ ಅದು ಐವತ್ತು ಒಗೆತ ಕಂಡ ನೀಲಿ ಅಂಗಿಯ ಬಣ್ಣ. ಬೇರೆ ಎಲ್ಲಿಯೂ ಅವಳು ಅಂಥ ಹೂ ಕಾಣಲಿಲ್ಲ.

ಅರಳಿ ನಿಂತದ್ದನ್ನು ಅವನು ಕೀಳುವಾಗ ಅವಳು ಬೈಯುತ್ತಿದ್ದಳು.

"ರೀ, ಕೈಗೆ ಬಂದದ್ದನ್ನ ಕೀಳ್ತೀರಲ್ಲ, ತಲೆ ನೆಟ್ಟಗಿದೆಯಾ?"

"ಜೇನು ಕೆಂಪಿನ ಮೇಲೆ ಕೂತು ಬಂದು ಇದರ ಮೇಲೆ ಕೂತ್ರೆ ಮುಂದಿನ ವರ್ಷ ಹುಟ್ಟೋದೆಲ್ಲ ಕೆಂಪೇ. ಜೇನಿಗೆ ಏನು ಗೊತ್ತು ನನ್ನ ಕಷ್ಟ?"

"ಹಾಗಾದ್ರೆ ಆ ಹೊಗೆಬಣ್ಣದ್ದನ್ನೂ ಯಾಕೆ ಚಿವುಟಿದ್ರಿ?"

"ಅದು ಕೆಂಪಿನ ಜೊತೆ ಅರಳಿದ್ದು, ಆಗಲೇ ಕೆಟ್ಟಿರತ್ತೆ. ಆಮೇಲೆ ಬರೋ ಮೊಗ್ಗು ನನ್ನದು. ಒಂದೇ ಗಿಡ ಇದ್ರೂ ಸಾಲಲ್ಲ ಕಣೆ. ಒಂಟಿ ಗಿಡ ಕಾಯಿ ಕಟ್ಟಲ್ಲ, ಜೊತೆ ಬೇಕು."

ಅವಳು ಕೇಳಿಸಿಕೊಂಡಳು, ತಲೆಗೆ ಹಾಕಿಕೊಳ್ಳಲಿಲ್ಲ. ಬೆಳಗಾದೊಡನೆ ಕಾರ್ಖಾನೆಗೆ ಓಡಿದರೆ ಬರುವುದು ದೀಪ ಹತ್ತಿದ ಮೇಲೆ. ವಾರದ ರಜೆಯಲ್ಲಿ ಕಂಡದ್ದು ಹೂ ಮಾತ್ರ. ಎಲೆಯನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಬೀಜವನ್ನೂ ಅವನು ಮನೆಯಲ್ಲಿ ಇಟ್ಟವನಲ್ಲ. ಕಾಯಿ ಒಣಗಿದಾಗ ಅಲ್ಲೇ ಅಲ್ಲಾಡಿಸಿ ಉದುರಿಸುತ್ತಿದ್ದ. ಯಾರಾದರೂ ಕೇಳಿದರೆ, "ಬಣ್ಣ ಇನ್ನೂ ನಿಂತಿಲ್ಲ, ನಿಂತ ಮೇಲೆ ಕೊಡ್ತೀನಿ" ಎನ್ನುತ್ತಿದ್ದ. ಯಾರಿಗೂ ಕೊಡಲಿಲ್ಲ.

ಚಳಿ ಶುರುವಾದ ವಾರ ಸ್ಟೂಲಿನ ಮೇಲೆ ಕೂತವನು ಕೂತ ಹಾಗೆಯೇ ಹೋದ. ಐದನೇ ಮಹಡಿಯಲ್ಲಿ ಬಾಗಿಲು ತೆರೆದಾಗ ಕಾಯುತ್ತಿದ್ದವರು "ಕೆಳಗೆ" ಎಂದರಂತೆ. ಅವನು ಗುಂಡಿ ಒತ್ತಲಿಲ್ಲ. ಆಸ್ಪತ್ರೆಯೊಳಗೇ ಸತ್ತ. ಡಾಕ್ಟರು ಆರು ಹೆಜ್ಜೆ ಆಚೆ ಇದ್ದರು. ಪ್ರಯೋಜನವಾಗಲಿಲ್ಲ.

ನಾಲ್ಕನೇ ದಿನ. ಮನೆಗೆ ಬರುವವರು ಹೋಗುವವರು. ಕತ್ತರಿ ಅಕ್ಕ ಅಳಲಿಲ್ಲ. ಅವಳ ಕೈಗೆ ಕೆಲಸ ಬೇಕಿತ್ತು. ಅಂಗಳ ನೋಡಿದಳು. ಬೆರಳುದ್ದ ಹಸಿರು ಕಳೆ, ಎಲ್ಲೆಂದರಲ್ಲಿ, ಬಿಟ್ಟುಹೋದ ಹೊಲಿಗೆಯಿಂದ ದಾರ ಬಂದ ಹಾಗೆ. ಜನ ಬರುವ ಜಾಗ ಹೀಗಿರಬಾರದು ಎಂದು ಕುರ್ಪಿ ಹಿಡಿದು ಕೂತಳು. ಸಂಜೆಯ ಹೊತ್ತಿಗೆ ಅಂಗಳ ಬೋಳಾಯಿತು. ಕೆರೆದ ಮಣ್ಣನ್ನೂ ಗುಡಿಸಿ ರಸ್ತೆಯ ಕಸದ ತೊಟ್ಟಿಗೆ ಸುರಿದಳು. ಆಮೇಲೆ ಪ್ರತಿ ರಜೆಯ ದಿನವೂ ಅದೇ ಕೆಲಸ. ಒಂದು ಎಲೆ ತಲೆ ಎತ್ತಿದರೆ ತೆಗೆದಳು. ಮಣ್ಣು ಇಸ್ತ್ರಿ ಹಾಕಿದ ಹಾಗಾಯಿತು. ಅಷ್ಟು ಹೊತ್ತಾದರೂ ಎದೆ ಸುಮ್ಮನಿರುತ್ತಿತ್ತು.

ಬಿಸಿಲು ಏರಿತು. ಗಸಗಸೆ ಹೂ ಬರುವ ಕಾಲ ಬಂತು. ಹೂ ಬರಲಿಲ್ಲ.

ಮನೆಯ ಇನ್ನರ್ಧದಲ್ಲಿ ನಾದಿನಿ ಇರುತ್ತಾಳೆ. ಲಿಫ್ಟಣ್ಣನ ತಂಗಿ, ಶಾಲೆಯೊಂದರ ಅಡುಗೆಯವಳು. ಮುನ್ನೂರು ಮಕ್ಕಳನ್ನು ಸಾಲಿಗೆ ನಿಲ್ಲಿಸುವ ಗಂಟಲು. ಅವಳ ಗಂಡ ಲಾರಿಯಲ್ಲಿ ಹೋದರೆ ತಿಂಗಳಿಗೊಮ್ಮೆ ಮುಖ ತೋರಿಸುತ್ತಾನೆ. ಎರಡು ಬಾಗಿಲು, ಒಂದೇ ಅಂಗಳ. ನಾದಿನಿ ಮೆಟ್ಟಿಲ ಮೇಲೆ ಕೂತು ಬೋಳು ನೆಲ ನೋಡಿ ಅಳುತ್ತಿದ್ದಳು.

"ನೋಡಿ ಅತ್ತಿಗೆ, ಅಣ್ಣ ಹೋದ, ಹೂವೂ ಹೋಯ್ತು. ಗಿಡಕ್ಕೂ ಗೊತ್ತಾಗುತ್ತೆ."

"ಗಿಡಕ್ಕೆ ಏನು ಗೊತ್ತಾಗುತ್ತೆ, ಮಣ್ಣು!" ಎಂದು ಕತ್ತರಿ ಅಕ್ಕ ಒಳಗೆ ಹೋಗುತ್ತಿದ್ದಳು. ಆದರೂ ಅವಳಿಗೂ ಹಾಗೆಯೇ ಅನ್ನಿಸಿತ್ತು. ಅವನ ಹಿಂದೆ ಅವೂ ಹೋದವು ಎಂದು. ಅದರಲ್ಲಿ ಸ್ವಲ್ಪ ಸಮಾಧಾನವೂ ಇತ್ತು.

ಆ ಸಮಾಧಾನ ಒಂದು ಬೆಳಿಗ್ಗೆ ಮುಗಿಯಿತು. ಬಚ್ಚಲ ನೀರು ಹೋಗುವ ಮೋರಿಯ ಬಿರುಕಿನಲ್ಲಿ, ಕುರ್ಪಿ ತಲುಪದ ಜಾಗದಲ್ಲಿ, ಒಂದು ಕೆಂಪು ಗಸಗಸೆ ಹೂ. ಬಾಗಿ ನೋಡಿದಳು. ಮೊದಲು ಹೂ ನೋಡಿದಳು, ಆಮೇಲೆ ಎಲೆ. ಗರಗಸದ ಹಲ್ಲಿನಂಥ ಅಂಚು, ಮೈತುಂಬ ಕೂದಲು. ಬೆರಳಿನಿಂದ ಮುಟ್ಟಿದಳು. ಆ ಎಲೆ ಅವಳ ಕೈಗೆ ಗೊತ್ತಿತ್ತು. ನೂರಲ್ಲ, ಸಾವಿರ ಸಲ ಗೊತ್ತಿತ್ತು. ಎಲ್ಲವನ್ನೂ ಅವಳೇ ಕಿತ್ತಿದ್ದಳು.

ಮೋರಿಯ ಪಕ್ಕದಲ್ಲೇ ಕೂತಳು. ಗಂಡ ಸತ್ತದ್ದು ಯಾರ ಕೈಯಲ್ಲೂ ಇರಲಿಲ್ಲ. ಇದು ಅವಳ ಕೈಯಲ್ಲಿತ್ತು. ಹನ್ನೊಂದು ವರ್ಷ ಅವನು ಕಟ್ಟಿದ್ದನ್ನು ಹನ್ನೊಂದು ವಾರದಲ್ಲಿ ಕೆರೆದು ತೊಟ್ಟಿಗೆ ಹಾಕಿದ್ದಳು. ಆ ದಿನ ಅವಳು ಅತ್ತಳು. ನಾದಿನಿಗೆ ಹೇಳಲಿಲ್ಲ. ಹೇಳಲು ಬಾಯಿ ಬರಲಿಲ್ಲ.

ಬೀಜದ ಅಂಗಡಿಗೆ ಹೋದಳು. ಕೌಂಟರಿನ ಹಿಂದೆ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡ ಒಬ್ಬ ಕೂತಿದ್ದ.

"ಹೊಗೆಬಣ್ಣದ ಗಸಗಸೆ ಹೂ ಇದೆಯಾ?"

"ಕೆಂಪಿದೆ, ಗುಲಾಬಿ ಇದೆ, ಬಿಳಿ ಇದೆ. ಹೊಗೆಬಣ್ಣ ಅಂದ್ರೆ ಯಾವುದು?"

"ಐವತ್ತು ಸಲ ಒಗೆದ ನೀಲಿ ಅಂಗಿ ಬಣ್ಣ."

"ಹಾಗಾದ್ರೆ ಬಟ್ಟೆ ಅಂಗಡೀಲಿ ಕೇಳಿ ಅಕ್ಕ." ಅವಳು ನಗಲಿಲ್ಲ. ಅವನು ಕನ್ನಡಕ ಮೇಲೇರಿಸಿದ. "ಯಾರು ಬೆಳೆದಿದ್ರು?"

ಗೊತ್ತಿಲ್ಲದವನ ಮುಂದೆ ಬಾಯಿ ಬಂತು. "ನಮ್ಮೆಜಮಾನ್ರು. ಹೋಗಿಬಿಟ್ರು. ಸಸಿ ಎದ್ದಾಗ ಕಳೆ ಅಂದ್ಕೊಂಡು ನಾನೇ ಕಿತ್ತೆ. ಒಂದೂ ಬಿಡಲಿಲ್ಲ."

ಅವನು ಅಯ್ಯೋ ಎನ್ನಲಿಲ್ಲ. ಅದು ಅವಳಿಗೆ ಹಿಡಿಸಿತು. "ಎಷ್ಟು ವರ್ಷ ಅದೇ ಜಾಗದಲ್ಲಿ ಬೆಳೆದ್ರು?" ಎಂದ.

"ಹನ್ನೊಂದು."

"ಕಾಯಿ ಅಲ್ಲೇ ಉದುರಿಸ್ತಿದ್ರಾ?"

"ಅಲ್ಲೇ."

"ಹಾಗಾದ್ರೆ ನನ್ನ ಅಂಗಡಿಗೆ ಯಾಕೆ ಬಂದ್ರಿ? ನಿಮ್ಮ ಅಂಗಳದಲ್ಲಿ ಇದಕ್ಕಿಂತ ದೊಡ್ಡ ಅಂಗಡಿ ಇದೆ. ಒಂದು ಕಾಯಿಗೆ ಸಾವಿರ ಬೀಜ ಅಕ್ಕ. ಎಲ್ಲಾ ಒಂದೇ ವರ್ಷ ಏಳೋ ಜಾತಿ ಅಲ್ಲ ಅದು. ಮೇಲಿರೋದು ಬೆಳಕು ಕಂಡು ಏಳುತ್ತೆ, ಕೆಳಗೆ ಹೋದದ್ದು ಮಲಗಿಬಿಡುತ್ತೆ. ವರ್ಷಗಟ್ಟಲೆ ಮಲಗುತ್ತೆ. ಸಾಯಲ್ಲ. ಮಣ್ಣು ಅಗೆದು ಮೇಲೆ ತಂದ್ರೆ ಕಣ್ಣು ಬಿಡುತ್ತೆ."

"ಅಗೆದ ಮೇಲೆ ಏನು ಮಾಡಬೇಕು?"

"ಏನೂ ಮಾಡಬಾರದು. ಅದೇ ಕಷ್ಟ."

ಅವಳು ಮನೆಗೆ ಓಡಿಕೊಂಡೇ ಬಂದಳು. ಗೇಟಿನ ಹತ್ತಿರ ಕಾಲು ನಿಂತಿತು. ಗೋಡೆಗೆ ಆನಿಸಿ ಕಲ್ಲು ಚಪ್ಪಡಿ ಪೇರಿಸಿತ್ತು, ಎದೆಮಟ್ಟ. ನಾದಿನಿ ಸೊಂಟಕ್ಕೆ ಕೈ ಕೊಟ್ಟು ಮೇಸ್ತ್ರಿಗೆ ಅಂಗಳ ತೋರಿಸುತ್ತಿದ್ದಳು.

"ಇದೇನೇ?"

"ಕಲ್ಲು ಹಾಸಿಸ್ತಾ ಇದ್ದೀನಿ ಅತ್ತಿಗೆ. ನೀವೂ ರಜಾ ದಿನ ಕೂತು ಬೆನ್ನು ಮುರ್ಕೊಳ್ಳೋದು ತಪ್ಪುತ್ತೆ. ನನಗಂತೂ ಈ ಬೋಳು ಮಣ್ಣು ನೋಡೋಕಾಗಲ್ಲ. ಬೆಳಿಗ್ಗೆ ಎದ್ದು ಬಾಗಿಲು ತೆಗೆದ್ರೆ ಎದೆ ಮೇಲೆ ಒದ್ದ ಹಾಗಾಗುತ್ತೆ."

"ಬೇಡ."

"ಬೇಡ ಅಂದ್ರೆ? ಅರ್ಧ ನಂದೂ ಇದೆ."

"ಅರ್ಧ ನಿಂದೇ, ಯಾರು ಇಲ್ಲ ಅಂದ್ರು? ಬರೋ ಬೇಸಿಗೆ ತನಕ ಮುಟ್ಟಬೇಡ. ಆಮೇಲೆ ಕಲ್ಲಾದ್ರೂ ಹಾಕು, ಕಬ್ಬಿಣ ಆದ್ರೂ ಹಾಕು."

"ಏನು ಮಾಡ್ತೀರಿ ಅಷ್ಟರಲ್ಲಿ?"

"ಅಗೀತೀನಿ."

ನಾದಿನಿ ಮೇಸ್ತ್ರಿಯ ಮುಖ ನೋಡಿದಳು. ಮೇಸ್ತ್ರಿ ಆಕಾಶ ನೋಡಿದ. ಹೆಂಗಸರ ಜಗಳದಲ್ಲಿ ತಲೆ ಹಾಕಿದವನ ಗತಿ ಅವನಿಗೆ ಗೊತ್ತಿತ್ತು. "ಕಲ್ಲು ಕೊಳೆಯಲ್ಲಮ್ಮ, ಇರ್ಲಿ ಬಿಡಿ" ಎಂದು ಹೋದ.

ಚಳಿ ಮರಳುವ ಹೊತ್ತಿಗೆ ಕತ್ತರಿ ಅಕ್ಕ ಗುದ್ದಲಿ ಹಿಡಿದಳು. ಇಪ್ಪತ್ತಾರು ವರ್ಷದ ಕೆಲಸ ಅಲ್ಲಿ ಕೈಗೆ ಬಂತು. ಅಂಗಿಯನ್ನು ತಿರುವಿದ ಹಾಗೆ ಮಣ್ಣನ್ನು ಒಳಮೈ ಹೊರಗೆ ಮಾಡಿದಳು. ಗೇಣು ಆಳ, ಗೇಟಿನಿಂದ ಬಾಗಿಲಿನವರೆಗೆ, ಒಂದು ಮೂಲೆ ಬಿಡದೆ. ಮೂರು ರಜೆ ಹಿಡಿಯಿತು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಕಾರ್ಖಾನೆಯಲ್ಲಿ ಕತ್ತರಿ ಹಿಡಿಯುವಾಗ ಉರಿಯುತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ. ಹೆಂಟೆ ಒಡೆದು, ಮೇಲೆ ಸಣ್ಣಗೆ ನೀರು ಚಿಮುಕಿಸಿ, ಗುದ್ದಲಿಯನ್ನು ಗೋಡೆಗೆ ಒರಗಿಸಿದಳು. ಆಮೇಲೆ ಶುರುವಾಯಿತು ನಿಜವಾದ ಕಷ್ಟ. ಸುಮ್ಮನಿರುವುದು.

ಮೂರನೇ ವಾರ ಅಂಗಳ ಹಸಿರಾಯಿತು. ಏನೇನೋ ಬಂತು. ಹುಲ್ಲು ಬಂತು, ಮುಳ್ಳು ಬಂತು, ಎಂದೋ ಸತ್ತ ಚೆಂಡುಹೂವಿನ ಸಂತಾನ ಬಂತು. ಹೆಸರಿಲ್ಲದ ನೂರು ಎಲೆ. ಅವುಗಳ ನಡುವೆ ಗರಗಸದ ಅಂಚಿನ ಎಲೆ ಇತ್ತೋ ಇಲ್ಲವೋ, ಅಷ್ಟು ಸಣ್ಣದರಲ್ಲಿ ಹೇಳಲಾಗದು. ಒಂದನ್ನು ಕೀಳಲು ಹೋಗಿ ಇನ್ನೊಂದರ ಬೇರು ಅಲುಗಿದರೆ ಮುಗಿಯಿತು. ಈ ಗಿಡಕ್ಕೆ ಬೇರು ಮುಟ್ಟಿದರೆ ಆಗದು. ಅವಳು ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಬೆರಳು ಕಡಿಯುತ್ತಿತ್ತು, ಕಜ್ಜಿ ಹತ್ತಿದ ಹಾಗೆ.

"ಅತ್ತಿಗೆ, ಅಂಗಳ ಕಾಡಾಯ್ತು."

"ಆಗಲಿ."

"ಹಾವು ಬರುತ್ತೆ."

"ಬಂದ್ರೆ ನಿನ್ನ ಧ್ವನಿಗೆ ವಾಪಸ್ ಹೋಗುತ್ತೆ."

ಆ ಚಳಿಗಾಲ ಅವಳು ಎಷ್ಟು ಬದಲಾದಳೆಂದರೆ ಕಾರ್ಖಾನೆಯಲ್ಲೇ ಸುದ್ದಿಯಾಯಿತು. ಪಕ್ಕದ ಮೇಜಿನ ಹುಡುಗಿ ಬೇಕೆಂದೇ ತನ್ನ ತೋಳಿನ ಮೇಲೆ ಒಂದು ಗೇಣು ದಾರ ಬಿಟ್ಟುಕೊಂಡು ಬಂದಳು. "ಅಕ್ಕಾ, ದಾರ!" ಕತ್ತರಿ ಅಕ್ಕ ನೋಡಿದಳು. "ಇರ್ಲಿ ಬಿಡು, ಎಲ್ಲಿಗೆ ಹೋಗುತ್ತೆ" ಎಂದಳು. ನಾಲ್ಕು ಮಷಿನ್ ಒಟ್ಟಿಗೆ ನಿಂತವು. "ಅಕ್ಕನಿಗೆ ಹುಷಾರಿಲ್ಲ" ಎಂದು ಒಬ್ಬಳು ಸೂಪರ್‌ವೈಸರನಿಗೆ ಹೇಳಿಯೇಬಿಟ್ಟಳು. ಅಂಗಿಯ ದಾರ ಮಾತ್ರ ಅವಳು ಒಂದೂ ಬಿಡಲಿಲ್ಲ. ಅದು ಬೇರೆ ಮಾತು.

ಎಲೆ ಅಂಗೈಯಷ್ಟಾದಾಗ ಗುರುತು ಹತ್ತಿತು. ಇತ್ತು. ಒಂದಲ್ಲ ಎರಡಲ್ಲ, ಕಾಲಿಡಲು ಜಾಗ ಇಲ್ಲದಷ್ಟು ಇತ್ತು. ಅವಳು ಮೆಟ್ಟಿಲ ಮೇಲೆ ನಿಂತು ಒಬ್ಬಳೇ ಚಪ್ಪಾಳೆ ತಟ್ಟಿದಳು. ಐವತ್ತು ದಾಟಿದ ಹೆಂಗಸು ಹಲ್ಲುಜ್ಜುವ ಹೊತ್ತಿನಲ್ಲಿ ಚಪ್ಪಾಳೆ ತಟ್ಟುವುದನ್ನು ಎದುರುಮನೆಯವರು ನೋಡಿದರು. ನೋಡಲಿ.

ಚಳಿ ಹಿಂದೆ ಸರಿಯಿತು. ಮೊಗ್ಗುಗಳು ತಲೆ ಎತ್ತಿದವು. ಮೊದಲ ಹೂ ಕೆಂಪು. ಎರಡನೆಯದು ಕೆಂಪು. ಒಂದು ವಾರದಲ್ಲಿ ಅಂಗಳಕ್ಕೆ ಬೆಂಕಿ ಬಿದ್ದ ಹಾಗೆ ಕೆಂಪೋ ಕೆಂಪು. ದಾರಿಯಲ್ಲಿ ಹೋಗುವವರು ಸೈಕಲ್ ನಿಲ್ಲಿಸಿದರು. ಬಸ್ಸಿಗೆ ಓಡುವವರು ಬಸ್ಸು ಬಿಟ್ಟರು. ಬಣ್ಣ ನೋಡಿ ಬೆಪ್ಪಾದ ಒಬ್ಬ ಮುದುಕ ಗೇಟು ಹಿಡಿದುಕೊಂಡು ಅರ್ಧ ಗಂಟೆ ನಿಂತ. ನಾದಿನಿ ಹೊರಗೆ ಬಂದವಳು ಸೌಟು ಕೈಯಲ್ಲೇ ಹಿಡಿದು ನಿಂತಳು. ಕಣ್ಣು ತುಂಬಿತು.

"ಬಂತಲ್ಲ ಅತ್ತಿಗೆ, ಅಣ್ಣನ ಹೂ ಬಂತಲ್ಲ!"

"ಇದು ಅವರದಲ್ಲ."

"ಇನ್ಯಾರದು?"

"ಇದು ಮೊದಲಿನದು. ಅವರು ಕಿತ್ತು ಹಾಕ್ತಿದ್ದದ್ದು. ಅವರದು ಇನ್ನೂ ಬಂದಿಲ್ಲ."

ಬೀದಿಯೆಲ್ಲ ಹೊಗಳುತ್ತಿತ್ತು. ಅವಳೊಬ್ಬಳು ದಿನಾ ಬೆಳಿಗ್ಗೆ ಕೆಂಪಿನ ನಡುವೆ ಬಾಗಿ ಬಾಗಿ ಹುಡುಕಿದಳು. ಆಳದ ಮಣ್ಣು ಮೇಲೆ ಬಂದಿದೆ, ಹಳೆಯ ವರ್ಷದ ಬೀಜ ಎದ್ದಿದೆ. ಕೊನೆಕೊನೆಯ ವರ್ಷದ್ದು ಮೇಲಿನ ಪದರದಲ್ಲಿತ್ತು. ಅದನ್ನೇ ಅವಳು ಗುಡಿಸಿ ತೊಟ್ಟಿಗೆ ಹಾಕಿದ್ದು. ಲೆಕ್ಕ ಅವಳಿಗೂ ಅರ್ಥವಾಗುತ್ತಿತ್ತು. ಎಂಟು ದಿನ, ಒಂಬತ್ತು ದಿನ. ಕೆಂಪು, ಕೆಂಪು, ಒಂದು ಗುಲಾಬಿ, ಮತ್ತೆ ಕೆಂಪು. ಗೇಟಿನ ಪಕ್ಕದ ಚಪ್ಪಡಿಗಳು ಕಾಯುತ್ತಿದ್ದವು.

ಹನ್ನೊಂದನೇ ಬೆಳಿಗ್ಗೆ ನಲ್ಲಿಯ ಹತ್ತಿರ ಒಂದು ಹೂ ಅರಳಿತ್ತು. ಒಗೆದೂ ಒಗೆದೂ ಮೆತ್ತಗಾದ ನೀಲಿ ಅಂಗಿ. ಎಸಳಿನ ಬುಡದಲ್ಲಿ ಹೊಗೆ ಕಪ್ಪಾಗಿತ್ತು. ಅವಳು ಮುಟ್ಟಲಿಲ್ಲ. ಉಸಿರು ಬಿಡಲೂ ಹೆದರಿದಳು. ಆ ದಿನ ಕಾರ್ಖಾನೆಗೆ ತಡವಾಗಿ ಹೋದಳು, ಬೈಸಿಕೊಂಡಳು, ನಕ್ಕಳು.

ಆದರೆ ಒಂದು ಗಿಡ. ಒಂಟಿ. ಕಾಯಿ ಕಟ್ಟದು. ಮಾರನೇ ದಿನ ಇಲ್ಲ. ಅದರ ಮಾರನೇ ದಿನ ಅದೇ ನಲ್ಲಿಯ ಆಚೆ ಬದಿಯಲ್ಲಿ ಇನ್ನೊಂದು. ಮತ್ತೊಂದು ಬೆಳಿಗ್ಗೆ ಮೂರನೆಯದು, ಸ್ವಲ್ಪ ತೆಳು ಬಣ್ಣ, ಆದರೂ ಅದೇ. ಮೂರು ಗಿಡ, ಒಂದೊಂದರಲ್ಲಿ ಹತ್ತು ಹನ್ನೆರಡು ಮೊಗ್ಗು ಬಾಕಿ. ಸುತ್ತ ಮುನ್ನೂರು ಕೆಂಪು. ಎಲ್ಲದರ ಮೇಲೂ ಜೇನು.

ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು. ಯಾವಾಗಲೋ ಬೈಯುತ್ತ ಕೇಳಿಸಿಕೊಂಡದ್ದು ಒಂದೊಂದಾಗಿ ನೆನಪಿಗೆ ಬಂತು. ರಜೆಯ ದಿನ ಕಾರ್ಖಾನೆಯ ಕತ್ತರಿಯನ್ನೇ ಹಿಡಿದು ಅಂಗಳಕ್ಕೆ ಇಳಿದಳು. ಗೇಟಿನ ಕಡೆಯಿಂದ ಶುರು ಮಾಡಿದಳು. ಕೆಂಪು, ಬುಡಕ್ಕೆ ಕತ್ತರಿ, ಬಕೆಟ್ಟಿಗೆ. ಇನ್ನೊಂದು. ಬೀದಿಯಲ್ಲಿ ನಿಂತವರು "ಅಯ್ಯೋ, ಅಯ್ಯೋ" ಎಂದರು. ನಾದಿನಿ ಒಳಗಿನಿಂದ ಓಡಿ ಬಂದು ಅವಳ ಮಣಿಕಟ್ಟು ಹಿಡಿದಳು.

"ಹುಚ್ಚು ಹಿಡೀತಾ ನಿಮಗೆ? ಅಣ್ಣನ ಅಂಗಳ ಒಂದು ವರ್ಷ ಬೋಳಿತ್ತು, ಈಗ ತಾನೇ ತುಂಬಿದೆ. ಮುಟ್ಟಬೇಡಿ!"

"ಬಿಡು."

"ಬಿಡಲ್ಲ. ಹೂವೇ ಬರಲಿಲ್ಲ ಅಂತ ಹೋದ ವರ್ಷ ಅತ್ತಿದ್ದು ಸಾಲದಾ?"

ಕತ್ತರಿ ಅಕ್ಕ ನೆಟ್ಟಗೆ ನಿಂತಳು. ಬೀದಿಯವರೆಲ್ಲ ಕೇಳುವ ಹಾಗೆಯೇ ಹೇಳಿದಳು.

"ಹೋದ ವರ್ಷ ಹೂ ಬರದೇ ಇರಲಿಲ್ಲ ಕಣೆ. ನಾನು ಕಿತ್ತೆ. ನೀನು ಗಿಡಕ್ಕೂ ಗೊತ್ತಾಯ್ತು ಅಂದ್ಯಲ್ಲ, ಏನೂ ಗೊತ್ತಾಗಿರಲಿಲ್ಲ ಅದಕ್ಕೆ. ಎಂದಿನ ಹಾಗೆ ಎದ್ದಿತ್ತು. ಕಳೆ ಅಂತ ಒಂದೂ ಬಿಡದೆ ಕೆರೆದೆ. ನಾಲ್ಕನೇ ದಿನ. ನೀನು ಒಳಗೆ ಅಳ್ತಾ ಇದ್ದೆ, ನಾನು ಹೊರಗೆ ನಿನ್ನಣ್ಣನ ಹನ್ನೊಂದು ವರ್ಷ ಕೆರೀತಾ ಇದ್ದೆ."

ನಾದಿನಿಯ ಕೈ ಸಡಿಲವಾಯಿತು.

"ಆವಾಗ ಗೊತ್ತಿಲ್ಲದೆ ಕಿತ್ತೆ. ಈಗ ಗೊತ್ತಿದ್ದು ಕೀಳ್ತೀನಿ. ಬಾ ಇಲ್ಲಿ."

ಅವಳನ್ನು ನಲ್ಲಿಯ ಹತ್ತಿರ ಎಳೆದುಕೊಂಡು ಹೋದಳು. ಮೂರು ಗಿಡ ತೋರಿಸಿದಳು. ನಾದಿನಿ ಕುಕ್ಕರಗಾಲಲ್ಲಿ ಕೂತಳು. ಬಹಳ ಹೊತ್ತು ನೋಡಿದಳು.

"ಇದು ಅಣ್ಣಂದು" ಎಂದಳು.

"ಹೂಂ. ಕೆಂಪು ಇದ್ರೆ ಮುಂದಿನ ವರ್ಷ ಇದು ಇರಲ್ಲ. ಈಗ ಅರಳಿರೋದನ್ನೂ ಚಿವುಟಬೇಕು. ಅದರ ಮೇಲೆ ಆಗಲೇ ಜೇನು ಕೂತಾಗಿದೆ. ಆಮೇಲೆ ಬರೋ ಮೊಗ್ಗು ನಮ್ಮದು."

"ಇದನ್ನೂ ಚಿವುಟಬೇಕಾ? ಒಂದು ವರ್ಷ ಕಾದು?"

"ನಿನ್ನಣ್ಣ ಚಿವುಟ್ತಿದ್ರು."

ಹೇಳಿದಳು, ಆದರೆ ಕೈ ಮುಂದೆ ಹೋಗಲಿಲ್ಲ. ನಾನೂರು ಅಂಗಿಯ ಕೈ, ಬಸ್ಸಿನಲ್ಲಿ ಗುರುತಿಲ್ಲದವನ ಕಾಲರಿಗೆ ಹೋದ ಕೈ, ಒಂದು ಮಾಸಲು ಹೂವಿನ ಮುಂದೆ ನಿಂತಿತು. ಒಮ್ಮೆ ಹತ್ತಿರ ಒಯ್ದಳು, ಹಿಂದೆ ತಂದಳು. ನಾದಿನಿ ಅವಳ ಮುಖ ನೋಡಿದಳು. ಆಮೇಲೆ ತಾನೇ ಕೈ ಚಾಚಿ ಒಂದನ್ನು ಚಿವುಟಿದಳು, ಬೇಗ, ಬಿಸಿ ಪಾತ್ರೆ ಮುಟ್ಟಿದ ಹಾಗೆ. "ಇನ್ನೆರಡು ನೀವು" ಎಂದಳು. ಕತ್ತರಿ ಅಕ್ಕ ಚಿವುಟಿದಳು.

ಮೂರು ಹೂವನ್ನೂ ನಾದಿನಿ ತಲೆಗೆ ಮುಡಿಯಲಿಲ್ಲ, ಎಸೆಯಲೂ ಇಲ್ಲ. ಎದೆಯ ಹತ್ತಿರ ಸೆರಗಿನಲ್ಲಿ ಸಿಕ್ಕಿಸಿಕೊಂಡಳು. "ಸರಿ, ಕೆಂಪು ಎಲ್ಲಿಂದ ಶುರು?" ಎಂದು ಸೆರಗು ಸೊಂಟಕ್ಕೆ ಬಿಗಿದಳು.

ಮಧ್ಯಾಹ್ನದೊಳಗೆ ಮುನ್ನೂರೂ ಕತ್ತರಿಸಿ ಆಯಿತು. ಗಸಗಸೆ ಹೂ ಕೊಯ್ದರೆ ಗಳಿಗೆಯಲ್ಲಿ ಬಾಡುತ್ತದೆ. ಅದಕ್ಕೂ ಒಂದು ಉಪಾಯ ಇದೆ, ಅದನ್ನೂ ಲಿಫ್ಟಣ್ಣನೇ ಮಾಡುತ್ತಿದ್ದ. ಕೊಯ್ದ ತುದಿಯನ್ನು ಒಲೆಯ ಉರಿಗೆ ಒಂದು ಕ್ಷಣ ಹಿಡಿದರೆ ರಸ ನಿಲ್ಲುತ್ತದೆ, ಹೂ ಮಾರನೇ ದಿನಕ್ಕೂ ಬಾಳುತ್ತದೆ. ನಾದಿನಿ ಒಲೆಯ ಮುಂದೆ ನಿಂತು ಮುನ್ನೂರು ಮಕ್ಕಳಿಗೆ ರೊಟ್ಟಿ ಸುಟ್ಟ ಹಾಗೆ ಹಿಡಿ ಹಿಡಿಯಾಗಿ ಸುಟ್ಟಳು. "ಅಯ್ಯೋ" ಎಂದವರಿಗೇ ಮೊದಲು ಕೊಟ್ಟರು. ಗೇಟು ಹಿಡಿದಿದ್ದ ಮುದುಕನಿಗೆ ಎರಡು ಹಿಡಿ. ಎದುರುಮನೆಗೆ ಒಂದು ಬಕೆಟ್. ಮಾರನೇ ದಿನ ನಾದಿನಿಯ ಶಾಲೆಯ ಅಡುಗೆಮನೆಗೆ ಒಂದು, ಕಾರ್ಖಾನೆಗೆ ಎರಡು. ಪ್ರತಿ ಮಷಿನ್ನಿನ ಮೇಲೂ ಒಂದು ಕೆಂಪು ಹೂ. ಸೂಪರ್‌ವೈಸರ್ ತನ್ನ ಜೇಬಿಗೂ ಒಂದು ಸಿಕ್ಕಿಸಿಕೊಂಡ, ಆದರೂ ತಡವಾಗಿ ಬಂದದ್ದಕ್ಕೆ ಅಕ್ಕನನ್ನು ಬೈದ.

ಅಂಗಳದಲ್ಲಿ ಉಳಿದದ್ದು ಚೆಂಡುಹೂ, ಹುಲ್ಲು, ಮೂರು ಗಿಡ. ತಡವಾಗಿ ಎದ್ದ ಕೆಂಪು ಮೊಗ್ಗು ಬಣ್ಣ ತೋರಿಸುತ್ತಲೇ ಇಬ್ಬರಲ್ಲಿ ಯಾರು ಮೊದಲು ಕಂಡರೋ ಅವರು ತೆಗೆದರು. ಹೊಗೆಬಣ್ಣದ ಮೊಗ್ಗುಗಳು ಒಂದೊಂದಾಗಿ ಅರಳಿದವು. ಜೇನು ಬಂದವು. ಹೋಗಲು ಬೇರೆ ಗಸಗಸೆ ಹೂ ಇರಲಿಲ್ಲ. ಇದರಿಂದ ಅದಕ್ಕೆ, ಅದರಿಂದ ಇದಕ್ಕೆ. ಕತ್ತರಿ ಅಕ್ಕ ಮೆಟ್ಟಿಲ ಮೇಲೆ ಕೂತು ಜೇನುಹುಳಕ್ಕೆ, "ಅಲ್ಲಿಗೆ ಹೋಗು, ಅಲ್ಲಿಗೆ, ಆ ತೆಳು ಬಣ್ಣದ್ದಕ್ಕೂ ಹೋಗು" ಎಂದು ಹೇಳಿಕೊಡುತ್ತಿದ್ದಳು.

ಮೇಸ್ತ್ರಿ ಬಂದ. ಬೇಸಿಗೆ ಬಂದಿತ್ತಲ್ಲ. ನಾದಿನಿಯೇ ಗೇಟಿನಲ್ಲಿ ಅಡ್ಡ ನಿಂತಳು. "ಗೇಟಿಂದ ಬಾಗಿಲಿಗೆ ಒಂದು ಸಾಲು ಸಾಕು, ಕಾಲಿಡೋಕೆ. ಉಳಿದ ಕಲ್ಲು ತಗೊಂಡು ಹೋಗು."

"ಅಮ್ಮ, ಪೂರ್ತಿ ಅಂಗಳ ಅಂದಿದ್ರಿ."

"ಅಂದಿದ್ದೆ. ಈಗ ಬೇರೆ ಅಂತೀನಿ."

ಎಸಳು ಉದುರಿದವು. ತುದಿಯಲ್ಲಿ ಕಾಯಿ ಉಳಿದವು, ಉಗುರಿನಷ್ಟು, ತಲೆಯ ಮೇಲೆ ಬಿಲ್ಲೆ ಮುಚ್ಚಳ. ಇಪ್ಪತ್ತೆಂಟು ಕಾಯಿ. ಹಸಿರು ಹೋಗಿ ಒಣಗಿದ ಬಣ್ಣ ಬಂದ ದಿನ ಕತ್ತರಿ ಅಕ್ಕ ಒಂದನ್ನು ಕಿವಿಯ ಹತ್ತಿರ ಬಗ್ಗಿಸಿ ಮೆಲ್ಲಗೆ ಅಲ್ಲಾಡಿಸಿದಳು. ಒಳಗೆ ಸದ್ದಾಯಿತು. ಬೀಜ ಕಟ್ಟಿತ್ತು.

"ಏ, ಬಾರೇ ಇಲ್ಲಿ!" ಎಂದು ಕೂಗಿದಳು. ಅವಳಿಗೂ ನಾದಿನಿಯಂಥ ಗಂಟಲು ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ.

ಇಬ್ಬರೂ ಒಂದು ಅಗಲ ತಟ್ಟೆಯಲ್ಲಿ ಇಪ್ಪತ್ತೆಂಟನ್ನೂ ಬಡಿದರು. ಕಪ್ಪು ಧೂಳಿನಂಥ ಬೀಜ, ಒಂದು ಚಮಚದಷ್ಟು. ಸೀನಿದರೆ ಹಾರಿಹೋಗುವಷ್ಟು ಸಣ್ಣದು. ಇಬ್ಬರೂ ಮುಖ ಪಕ್ಕಕ್ಕೆ ತಿರುಗಿಸಿ ಉಸಿರಾಡಿದರು.

"ಅಣ್ಣನ ಹಾಗೆ ಎಲ್ಲಾ ಮೇಲೆ ಉದುರಿಸೋಣ" ಎಂದಳು ನಾದಿನಿ.

"ಬೇಡ. ನಿನ್ನಣ್ಣ ನನ್ನ ಕೈ ನಂಬಿ ಕೆಟ್ಟರು. ಅರ್ಧ ಮೇಲೆ, ಅದು ಬರೋ ವರ್ಷಕ್ಕೆ. ಇನ್ನರ್ಧ ಆಳಕ್ಕೆ. ಮಲಗಿರ್ಲಿ. ನಾನು ಕೆರೆದ್ರೂ, ನೀನು ಕಲ್ಲು ಹಾಕಿದ್ರೂ, ಇನ್ಯಾರು ಬಂದು ಏನು ಮಾಡಿದ್ರೂ ಅಡೀಲಿ ಇರುತ್ತೆ."

ನಾದಿನಿ ಗುದ್ದಲಿ ತಂದಳು. "ಎಷ್ಟು ಆಳ ಅತ್ತಿಗೆ?"

"ಗೇಣು. ಅಲ್ಲ, ಇನ್ನೂ ಸ್ವಲ್ಪ ಹೋಗಲಿ. ಹೊಡಿ."